ಜನಗಣಮನಕ್ಕೆ ಎದ್ದು ನಿಲ್ಲುವುದೂ, ಹಿಡಿದು ನಿಲ್ಲಿಸುವುದೂ

ಆಗಸ್ಟ್ 15 ಹತ್ತಿರ ಬಂತೆಂದರೆ ಸಾಕು, ಬಾಗಲಕೋಟೆಯ ನವನಗರದಿಂದ ಹಿಡಿದು ಇಳಕಲ್ಲಿನ ಬಸ್‌ಸ್ಟ್ಯಾಂಡಿನವರೆಗೆ ಚಹಾದಂಗಡಿಗಳಲ್ಲಿ ಒಂದು ಮಾತು ತಪ್ಪದೇ ತಲೆ ಎತ್ತುತ್ತದೆ.

“ಝೇಂಡಾಕ್ಕ ಕೈ ಎತ್ತಂಗಿಲ್ಲ, ಹಾಡಿಗೆ ಬಾಯಿ ಬಿಡಂಗಿಲ್ಲ ಅನ್ನೋರು ಈ ದೇಶದಾಗ ಯಾಕ ಇರಬೇಕ್ರಿ?” ಎಂದು ಒಬ್ಬರು.

“ಇರ್ಲಿ ಬಿಡ್ರಿ ಕಾಕಾ, ಅವರವರ ದೇವರು ಅವರವರಿಗೆ. ನಿಮ್ಮ ಹಾಡು ನೀವು ಹಾಡ್ರಿ” ಎಂದು ಇನ್ನೊಬ್ಬರು.

ಕಪ್ಪಿನೊಳಗಿನ ಚಹಾ ಆರುತ್ತದೆ, ಮಾತು ಕಾಯುತ್ತದೆ. ಕೊನೆಗೆ ಯಾರೋ ಒಬ್ಬರು ಇಬ್ಬರ ರೊಕ್ಕವನ್ನೂ ಕೊಟ್ಟು ಎದ್ದು ಹೋಗುತ್ತಾರೆ. ಚಹಾದಂಗಡಿಯ ಜಗಳ ಅಲ್ಲಿಗೇ ಮುಗಿಯಿತು.

ಅಲ್ಲಿಗೇ ಮುಗಿದರೆ ಚಿಂತೆಯಿಲ್ಲ. ಆದರೆ ಇದೇ ಜಗಳ ಸಾಲಿಯ ಪಟಾಂಗಣಕ್ಕೆ ಬಂದರೆ ಕಾಕಾ ಇಲ್ಲ, ಚಹಾ ಇಲ್ಲ. ಒಂದು ಕಡೆ ಸರಕಾರ, ಮಾಸ್ತರರು, ಊರ ಹಿರಿಯರು. ಇನ್ನೊಂದು ಕಡೆ ಒಂಬತ್ತೋ ಹತ್ತೋ ವರ್ಷದ ಒಂದು ಕೂಸು. ಆ ಕೂಸಿನ ಹೆಸರು ಹಾಜರಿ ಪುಸ್ತಕದಿಂದ ಹೊಡೆದುಹೋಗುತ್ತದೆ. ಇದು ಊಹೆಯ ಮಾತಲ್ಲ. ಹಾಗೆ ಆದದ್ದುಂಟು.

ಕಿಡಂಗೂರಿನ ಮೂರು ಮಕ್ಕಳು

ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ ಕಿಡಂಗೂರು ಎಂಬ ಊರು. ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಒಂದೇ ಮನೆಯ ಮೂರು ಮಕ್ಕಳು ಕಲಿಯುತ್ತಿದ್ದರು. ಒಬ್ಬ ಹುಡುಗ ಹತ್ತನೇ ಇಯತ್ತೆ, ಇಬ್ಬರು ಹುಡುಗಿಯರು ಒಂಬತ್ತು ಮತ್ತು ಐದನೇ ಇಯತ್ತೆ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ಪ್ರಾರ್ಥನೆಯೆಂದರೆ ದೇವರಿಗೆ ಒಬ್ಬನಿಗೇ, ಬೇರೆ ಯಾವುದಕ್ಕೂ ಸ್ತುತಿಗೀತೆ ಹಾಡಬಾರದು ಎಂಬುದು ಆ ಪಂಥದ ಕಟ್ಟುನಿಟ್ಟು. ಅದಕ್ಕಾಗಿ ಆ ಮಕ್ಕಳು ದಿನಾ ಬೆಳಿಗ್ಗೆ ಜನಗಣಮನಕ್ಕೆ ಎಲ್ಲರ ಜೊತೆ ನೆಟ್ಟಗೆ ಎದ್ದು ನಿಲ್ಲುತ್ತಿದ್ದರು, ಬಾಯಿ ಮಾತ್ರ ತೆಗೆಯುತ್ತಿರಲಿಲ್ಲ. ಇವರ ಅಕ್ಕಂದಿರೂ ಅದೇ ಸಾಲಿಯಲ್ಲಿ ಹೀಗೇ ನಿಂತು ಕಲಿತು ಹೋಗಿದ್ದರು. ಯಾರೂ ಏನೂ ಅಂದಿರಲಿಲ್ಲ.

1985ರ ಜುಲೈದಲ್ಲಿ ಇದು ಒಬ್ಬ ಶಾಸಕರ ಕಣ್ಣಿಗೆ ಬಿತ್ತು. ಅವರು ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದರು. ವಿಚಾರಣೆಗೆ ಆಯೋಗ ಬಂತು. ಮಕ್ಕಳು ಸಭ್ಯರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದು ಆಯೋಗವೇ ವರದಿ ಕೊಟ್ಟಿತೆಂದು ಮುಂದೆ ಕೋರ್ಟಿನಲ್ಲಿ ಹೇಳಲಾಯಿತು. ಆದರೂ ಮೇಲಿನ ಅಧಿಕಾರಿಗಳ ಸೂಚನೆಯಂತೆ 1985ರ ಜುಲೈ 26ರಂದು ಮೂವರನ್ನೂ ಸಾಲಿಯಿಂದ ಹೊರಗೆ ಹಾಕಲಾಯಿತು. ತಂದೆ ಕೈ ಮುಗಿದು ಕೇಳಿದ, ಆಗಲಿಲ್ಲ. ಹೈಕೋರ್ಟಿಗೆ ಹೋದ, ಅಲ್ಲಿಯೂ ಆಗಲಿಲ್ಲ.

ಸುಪ್ರೀಂ ಕೋರ್ಟು 1986ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ಸ್ವಾತಂತ್ರ್ಯ ದಿನಕ್ಕೆ ನಾಲ್ಕೇ ದಿನ ಇತ್ತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ. ಎಂ. ದತ್ತ ಅವರ ಪೀಠ ಹೇಳಿದ್ದರ ತಾತ್ಪರ್ಯ ಇಷ್ಟು: ರಾಷ್ಟ್ರಗೀತೆ ಹಾಡಲೇಬೇಕೆಂದು ಕಡ್ಡಾಯ ಮಾಡುವ ಕಾನೂನು ಈ ದೇಶದಲ್ಲಿಲ್ಲ. ಗೀತೆ ನಡೆಯುವಾಗ ಗೌರವದಿಂದ ಎದ್ದು ನಿಂತವನು ಗೌರವ ಸಲ್ಲಿಸಿದಂತೆಯೇ. ಅವನ ನಂಬಿಕೆ ನ್ಯಾಯಾಧೀಶರಿಗೆ ಹಿಡಿಸುತ್ತದೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಅದನ್ನು ಅವನು ಮನಸಾರೆ ನಂಬಿದ್ದಾನೋ ಇಲ್ಲವೋ ಎಂಬುದೇ ಪ್ರಶ್ನೆ. ಇಲಾಖೆಯ ಸುತ್ತೋಲೆ ತೋರಿಸಿ ಸಂವಿಧಾನದ 19 ಮತ್ತು 25ನೇ ಕಲಮುಗಳನ್ನು ಬದಿಗೆ ಸರಿಸಲು ಬರುವುದಿಲ್ಲ. ಮಕ್ಕಳನ್ನು ಮರಳಿ ಸಾಲಿಗೆ ಸೇರಿಸಿಕೊಳ್ಳಿರಿ.

ಸಹನೆ ಈ ನಾಡಿನ ಪರಂಪರೆ, ಅದನ್ನು ತೆಳುವಾಗಿಸಬೇಡಿ ಎಂಬ ಅರ್ಥದ ಮಾತಿನಿಂದ ಆ ತೀರ್ಪು ಮುಗಿಯುತ್ತದೆ. ಅದನ್ನು ಬರೆದ ನ್ಯಾಯಾಧೀಶರು ಆ ಮಕ್ಕಳ ಪಂಥದವರೇನೂ ಅಲ್ಲ.

ಕಾನೂನಿನ ಗೆರೆ ಎಲ್ಲಿದೆ?

ತೀರ್ಪನ್ನು ಅರ್ಧ ಓದಿ ಕುಣಿಯುವವರು ಎರಡೂ ಕಡೆ ಇದ್ದಾರೆ. ಆದ್ದರಿಂದ ಗೆರೆ ಎಲ್ಲಿದೆ ಎಂಬುದನ್ನು ನೆಟ್ಟಗೆ ನೋಡುವುದು ಒಳ್ಳೆಯದು.

ಕೇರಳದ ಮಕ್ಕಳು ಎದ್ದು ನಿಂತಿದ್ದರು. ಕುಳಿತೇ ಇದ್ದರೂ ನಡೆಯುತ್ತದೆ ಎಂದು ಆ ತೀರ್ಪು ಹೇಳಿಲ್ಲ. ರಾಷ್ಟ್ರಗೀತೆ ಹಾಡುವಾಗ, ನುಡಿಸುವಾಗ ಸಭಿಕರು ಎದ್ದು ನಿಲ್ಲಬೇಕೆಂದು ಕೇಂದ್ರ ಗೃಹ ಖಾತೆಯ ಸೂಚನೆಗಳಿವೆ. ಸಂವಿಧಾನವನ್ನೂ ಧ್ವಜವನ್ನೂ ರಾಷ್ಟ್ರಗೀತೆಯನ್ನೂ ಗೌರವಿಸುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರ 42ನೇ ತಿದ್ದುಪಡಿಯಲ್ಲಿ 51ಎ ಕಲಮು ಬಂದಿದೆ.

ಇನ್ನು ಶಿಕ್ಷೆಯ ಮಾತು. 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯಿದೆ ಬಂದಾಗ ಅದು ರಾಷ್ಟ್ರಗೀತೆಯ ವಿಷಯದಲ್ಲಿ ಅಪರಾಧವೆಂದು ಹೆಸರಿಸಿದ್ದು ಎರಡನ್ನು. ಬೇಕಂತಲೇ ಹಾಡುವುದನ್ನು ತಡೆಯುವುದು, ಹಾಡುತ್ತಿರುವ ಸಭೆಗೆ ಗದ್ದಲ ಮಾಡಿ ಭಂಗ ತರುವುದು. ಅದಕ್ಕೆ ಮೂರು ವರ್ಷದವರೆಗೆ ಸಜೆ ಇಟ್ಟಿದೆ. ಬಾಯಿ ಮುಚ್ಚಿ ನಿಂತವನು ಈ ಎರಡರಲ್ಲಿ ಯಾವುದನ್ನು ಮಾಡಿದ?

ಕರ್ನಾಟಕ ಸರಕಾರ 2022ರ ಆಗಸ್ಟ್‌ದಲ್ಲಿ ಸರಕಾರಿ, ಅನುದಾನಿತ, ಖಾಸಗಿ ಎನ್ನದೆ ಎಲ್ಲ ಸಾಲೆಗಳಲ್ಲಿ, ಪಿ.ಯು. ಕಾಲೇಜುಗಳಲ್ಲಿ ದಿನವೂ ಸಾಮೂಹಿಕವಾಗಿ ರಾಷ್ಟ್ರಗೀತೆ ನಡೆಯಬೇಕೆಂದು ಆದೇಶ ಹೊರಡಿಸಿತು. ಒಳ್ಳೆಯದೇ. ಸಾಲಿ ಹಾಡು ನಡೆಸಬೇಕು ಎಂಬುದು ಬೇರೆ, ಪ್ರತಿಯೊಂದು ಮಗುವಿನ ಬಾಯಿಂದ ಹಾಡು ಹೊರಡಿಸಲೇಬೇಕು ಎಂಬುದು ಬೇರೆ. ಈ ಎರಡರ ನಡುವಿನ ಸಂದಿಯಲ್ಲಿಯೇ ಹುಂಬತನ ನುಸುಳುತ್ತದೆ.

ಎಲ್ಲರ ತಕರಾರೂ ಒಂದೇ ಅಲ್ಲ

“ಹಾಡೋದಿಲ್ಲ” ಅನ್ನುವವರನ್ನೆಲ್ಲ ಒಂದೇ ಗೋಣಿಯಲ್ಲಿ ತುಂಬುವುದು ಚಹಾದಂಗಡಿಯ ರೂಢಿ. ಆದರೆ ತಕರಾರಿನಲ್ಲಿ ತರಹಗಳಿವೆ.

ಯೆಹೋವನ ಸಾಕ್ಷಿಗಳು ಹಾಡುವುದಿಲ್ಲ, ಧ್ವಜಕ್ಕೆ ವಂದನೆ ಮಾಡುವುದಿಲ್ಲ. ಸುಮ್ಮನೆ ನಿಂತು ಮರ್ಯಾದೆ ತೋರುತ್ತಾರೆ. ಅವರ ಈ ನಿಷ್ಠೆ ಈ ದೇಶಕ್ಕೆ ಮಾತ್ರ ಅಂದದ್ದಲ್ಲ. ಹಿಟ್ಲರನಿಗೆ ಕೈ ಎತ್ತುವುದಿಲ್ಲ ಎಂದ ತಪ್ಪಿಗೆ ಅವರ ಸಾವಿರಾರು ಜನ ಜರ್ಮನಿಯ ಸೆರೆಮನೆಗಳನ್ನೂ ಯಾತನಾ ಶಿಬಿರಗಳನ್ನೂ ಕಂಡರು.

ಮುಸಲ್ಮಾನರ ವಿಷಯ ಬೇರೆ. ಜನಗಣಮನಕ್ಕೆ ಅವರ ಮಕ್ಕಳು ಎಲ್ಲರಂತೆ ನಿಲ್ಲುತ್ತಾರೆ, ಹಾಡುತ್ತಾರೆ. ಅವರಲ್ಲಿ ಹಲವರ ತಕರಾರು ಇರುವುದು ವಂದೇ ಮಾತರಂ ಗೀತೆಯ ಮುಂದಿನ ಚರಣಗಳ ಬಗ್ಗೆ. ಅಲ್ಲಿ ನಾಡು ದೇವಿಯ ರೂಪ ತಾಳುತ್ತದೆ, ಒಬ್ಬ ದೇವರನ್ನು ಬಿಟ್ಟು ಬೇರೆಯವರಿಗೆ ನಮಿಸುವುದು ತಮ್ಮ ಧರ್ಮಕ್ಕೆ ಒಗ್ಗದು ಎಂಬುದು ಅವರ ಮಾತು. ಇದು ನಿನ್ನೆ ಮೊನ್ನೆ ಹುಟ್ಟಿದ ಜಗಳವೂ ಅಲ್ಲ. 1937ರಲ್ಲಿ ರವೀಂದ್ರನಾಥ ಟಾಗೋರರ ಸಲಹೆ ಕೇಳಿಯೇ ಕಾಂಗ್ರೆಸ್ ಕಾರ್ಯಸಮಿತಿ ಮೊದಲ ಎರಡು ಚರಣಗಳನ್ನು ಮಾತ್ರ ಸಭೆಗಳಲ್ಲಿ ಹಾಡಬಹುದೆಂದು ತೀರ್ಮಾನಿಸಿತು. 1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ಬಾಬು ರಾಜೇಂದ್ರ ಪ್ರಸಾದರು ಜನಗಣಮನ ರಾಷ್ಟ್ರಗೀತೆ, ವಂದೇ ಮಾತರಂಗೂ ಸಮಾನ ಗೌರವ ಎಂದು ಸಾರಿದರು. ಆ ಗೀತೆಗೆ ನೂರೈವತ್ತು ವರ್ಷ ತುಂಬಿದ ನೆಪದಲ್ಲಿ 2025ರ ಡಿಸೆಂಬರ್‌ದಲ್ಲಿ ಪಾರ್ಲಿಮೆಂಟಿನಲ್ಲಿ ಇದೇ ಹಳೆಯ ಲೆಕ್ಕ ಮತ್ತೆ ಬಿಚ್ಚಿತು. ಟಾಗೋರರೂ ರಾಜೇಂದ್ರ ಪ್ರಸಾದರೂ ದೇಶಭಕ್ತಿಯಲ್ಲಿ ಯಾರಿಗಾದರೂ ಕಡಿಮೆ ಇದ್ದರೆ ಹೇಳಲಿ!

ಇನ್ನು ಧರ್ಮವೂ ಇಲ್ಲ ದೇವರೂ ಇಲ್ಲ, ಮೈಗಳ್ಳತನಕ್ಕೆ ಕುಳಿತವನು ಒಬ್ಬನಿರುತ್ತಾನೆ. ಅವನಿಗೆ ಬೇಕಾದದ್ದು ಬುದ್ಧಿಮಾತು. ಅದಕ್ಕೆ ಪೊಲೀಸರೂ ಬೇಡ, ಪಂಚಾಯ್ತಿಯೂ ಬೇಡ.

ಕೂಡಲಸಂಗಮಕ್ಕೆ ಬಂದ ಹುಡುಗ

“ಎಲ್ಲರೂ ಮಾಡೋದನ್ನ ಒಬ್ಬ ಹುಡುಗ ಮಾಡಂಗಿಲ್ಲ ಅಂದ್ರ ಹೆಂಗ್ರಿ?” ಎಂದು ಕೇಳುವವರು ಉತ್ತರಕ್ಕಾಗಿ ದಿಲ್ಲಿಯ ಕೋರ್ಟಿಗೆ ಹೋಗಬೇಕಾಗಿಲ್ಲ. ಹುನಗುಂದದಲ್ಲಿ ಬಸ್ಸು ಹತ್ತಿ ಕೂಡಲಸಂಗಮದಲ್ಲಿ ಇಳಿದರೆ ಸಾಕು.

ಕೃಷ್ಣೆ ಮಲಪ್ರಭೆ ಕೂಡುವ ಆ ಊರಿಗೆ ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಕಡೆಯಿಂದ ಒಬ್ಬ ಹುಡುಗ ಬಂದ. ಯಾಕೆ ಬಂದ? ಹಿರಿಯರು ಮಾಡಹೊರಟ ಉಪನಯನ ತನಗೆ ಬೇಡವೆಂದು ಬಂದ. ಎಂಟು ವರ್ಷದ ಕೂಸು ಮುಂಜಿಯನ್ನು ಒಲ್ಲೆನೆಂದ ಕತೆಯನ್ನು ಬಸವಪುರಾಣದ ಪರಂಪರೆ ಹೇಳುತ್ತದೆ. ಹರಿಹರನ ರಗಳೆಯಲ್ಲಿ ಕತೆ ಸ್ವಲ್ಪ ಬೇರೆ. ಅಲ್ಲಿ ಬೆಳೆದ ಹುಡುಗ ಮೈಮೇಲಿದ್ದ ಜನಿವಾರವನ್ನೇ ಕಿತ್ತೊಗೆದು ಹೊರಡುತ್ತಾನೆ. ಕತೆ ಯಾವುದೇ ಇರಲಿ, ತಿರುಳು ಒಂದೇ: ತನ್ನ ದೇವರಿಗೆ ಒಪ್ಪದ ವಿಧಿಯನ್ನು ಆ ಹುಡುಗ ಹಿರಿಯರ ಮುಂದೆಯೇ ಒಲ್ಲೆನೆಂದ.

ಆಗಿನ ಬಾಗೇವಾಡಿಯ ದೊಡ್ಡವರು ಏನಂದಿರಬೇಕು? “ಊರಿಗಿಲ್ಲದ್ದು ಇವನಿಗ್ಯಾಕ? ಇಂದು ಇವ ಒಲ್ಲೆ ಅಂದ, ನಾಳೆ ಹತ್ತು ಹುಡುಗೂರು ಒಲ್ಲೆ ಅಂತಾವ” ಎಂದೇ ಅಂದಿರಬೇಕು. ಅದೇ ಹುಡುಗ ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದ. ರಾಜನ ಚಾಕರಿ ಚೊಕ್ಕವಾಗಿ ಮಾಡಿದ, ಆದರೆ ನಿಷ್ಠೆಯನ್ನು ಕೂಡಲಸಂಗಮನಿಗೇ ಇಟ್ಟುಕೊಂಡ. ಇಷ್ಟಲಿಂಗ ಕಟ್ಟಿಕೊಂಡ ಶರಣರು ಬೇರೆ ದೈವಕ್ಕೆ ತಲೆ ಬಾಗಿಸಲಿಲ್ಲ. ಒಬ್ಬ ಗಂಡನನ್ನು ನಂಬಿದ ಸತಿಯಂತೆ ಒಬ್ಬ ದೇವರನ್ನು ನಂಬಬೇಕೆಂಬುದು ಅವರ ಮಾತು. ಕಿಡಂಗೂರಿನ ಮಕ್ಕಳ ತಂದೆ ಕೋರ್ಟಿನಲ್ಲಿ ಹೇಳಿದ್ದು ಇದಕ್ಕಿಂತ ಬಹಳ ದೂರದ ಮಾತೇ?

2024ರ ಜನವರಿಯಲ್ಲಿ ರಾಜ್ಯ ಸರಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು, ಸರಕಾರಿ ಕಚೇರಿಗಳಲ್ಲಿ ಭಾವಚಿತ್ರ ಹಾಕಬೇಕೆಂದಿತು. ಅಂದರೆ ಒಂದು ಮಗುವಿಗೆ ಸಾಲಿ ಬಿಡಿಸುವ ಕಾಗದಕ್ಕೆ ಯಾವ ಸಾಹೇಬರಾದರೂ ಸಹಿ ಹಾಕುವ ಪ್ರಸಂಗ ಬಂದರೆ, ಗೋಡೆಯ ಮೇಲಿಂದ ನೋಡುವವರು ಮುಂಜಿಯನ್ನು ಒಲ್ಲೆನೆಂದ ಆ ಹುಡುಗನೇ!

ಜನಿವಾರವೂ ಜನಗಣಮನವೂ ಒಂದೇ ಅಲ್ಲ, ನಿಜ. ಜನಿವಾರ ಕೆಲವರಿಗೆ ಸೇರಿದ್ದು, ಜನಗಣಮನ ಎಲ್ಲರಿಗೂ ಸೇರಿದ್ದು. ಎಲ್ಲರಿಗೂ ಸೇರಿದ್ದು ಎಂಬ ಕಾರಣಕ್ಕೇ ಅದರ ನೆರಳಿನಲ್ಲಿ ಒಬ್ಬ ಸುಮ್ಮನೆ ನಿಂತವನಿಗೂ ಜಾಗ ಇರಬೇಕು. ಬಾದಾಮಿಯ ಒಂದೇ ಕೆಂಪು ಗುಡ್ಡದಲ್ಲಿ ಶಿವನಿಗೆ ಗುಹೆಯಿದೆ, ವಿಷ್ಣುವಿಗಿದೆ, ಮೇಲಕ್ಕೆ ಹತ್ತಿದರೆ ಜಿನನಿಗೂ ಇದೆ. ಮೂರನೆಯ ಗುಹೆಯ ಶಾಸನ 578ನೇ ಇಸವಿಯದು. ಜಿನನನ್ನು ಕಾಣಲು ಹೊರಟವನು ಮೊದಲನೆಯ ಗುಹೆಯಲ್ಲಿ ಅಡ್ಡಬಿದ್ದೇ ಮುಂದೆ ಹೋಗಬೇಕೆಂಬ ನಿಯಮವೇನೂ ಇಲ್ಲ. ಗುಡ್ಡ ಒಂದೇ, ಮೆಟ್ಟಿಲೂ ಒಂದೇ.

ಟಾಕೀಜಿನ ದೇಶಭಕ್ತಿ

ಒತ್ತಾಯದ ಹಾದಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಿನೇಮಾ ಟಾಕೀಜುಗಳು ತೋರಿಸಿಕೊಟ್ಟಿವೆ. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟು ಪ್ರತಿ ಚಿತ್ರಕ್ಕೂ ಮುನ್ನ ರಾಷ್ಟ್ರಗೀತೆ ಹಾಕಬೇಕು, ಪ್ರೇಕ್ಷಕರು ಎದ್ದು ನಿಲ್ಲಬೇಕು ಎಂದಿತು. ಅಂಗವಿಕಲರು ಏನು ಮಾಡಬೇಕು ಎಂಬ ಪ್ರಶ್ನೆ ಬಂದು ಹತ್ತೇ ದಿನದಲ್ಲಿ ಅವರಿಗೆ ವಿನಾಯಿತಿ ಕೊಡಬೇಕಾಯಿತು. 2018ರ ಜನವರಿ 9ರಂದು ಕೋರ್ಟೇ ಆದೇಶ ತಿದ್ದಿ, ಹಾಕುವುದು ಬಿಡುವುದು ಟಾಕೀಜಿನವರ ಇಚ್ಛೆ ಎಂದಿತು; ಹಾಕಿದರೆ ಪ್ರೇಕ್ಷಕರು ಗೌರವ ತೋರಬೇಕೆಂಬುದು ಉಳಿಯಿತು.

ಕೋರ್ಟು ತಿದ್ದಿಕೊಂಡಿತು. ತಾವೇ ಪೊಲೀಸರೆಂದು ತಿಳಿದವರು ತಿದ್ದಿಕೊಳ್ಳಲಿಲ್ಲ. 2016ರಲ್ಲಿಯೇ ಗೋವಾದ ಪಣಜಿಯಲ್ಲಿ ಗಾಲಿಕುರ್ಚಿಯ ಲೇಖಕರೊಬ್ಬರು, ಏಳಲಿಲ್ಲವೆಂದು ಟಾಕೀಜಿನಲ್ಲಿ ಪೆಟ್ಟು ತಿಂದದ್ದು ಸುದ್ದಿಯಾಗಿತ್ತು. ಪಾಪ, ಆ ಮನುಷ್ಯನಿಗೆ ಏಳಲು ಬರುತ್ತಲೇ ಇರಲಿಲ್ಲ. 2019ರ ಅಕ್ಟೋಬರ್‌ದಲ್ಲಿ ಬೆಂಗಳೂರಿನ ಒಂದು ಚಿತ್ರಮಂದಿರದಲ್ಲಿ ಕುಳಿತೇ ಇದ್ದ ಕೆಲವರನ್ನು ಸುತ್ತುವರಿದು, ನೀವು ಪಾಕಿಸ್ತಾನದವರೇನು ಎಂದು ಬಾಯಿಗೆ ಬಂದಂತೆ ಬೈದು, ವಿಡಿಯೋ ಮಾಡಿ ಊರಿಗೆಲ್ಲ ಹಂಚಿದರು. ಅಲ್ಲಿ ರಾಷ್ಟ್ರಗೀತೆಯ ಮರ್ಯಾದೆ ಕಳೆದವರು ಯಾರು, ಕುಳಿತವರೋ ಕೂಗಾಡಿದವರೋ?

ಅಮೇರಿಕದವರು ಈ ಪಾಠವನ್ನು ಮೊದಲೇ ಕಲಿತಿದ್ದರು. ಧ್ವಜವಂದನೆ ಮಾಡದ ಇದೇ ಪಂಥದ ಮಕ್ಕಳನ್ನು ಸಾಲಿಯಿಂದ ಹೊರಹಾಕಿದ್ದು ಸರಿ ಎಂದು 1940ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ ಆ ಪಂಥದವರ ಮೇಲೆ ಊರೂರಿನಲ್ಲಿ ಹಲ್ಲೆಗಳಾದವು. 1943ರ ಜೂನ್ 14ರಂದು ಅದೇ ಕೋರ್ಟು ತನ್ನ ಮಾತನ್ನು ತಾನೇ ಹಿಂದಕ್ಕೆ ಪಡೆಯಿತು. ಆಗ ದೇಶ ಮಹಾಯುದ್ಧದ ನಡುವೆ ಇತ್ತು. ಯುದ್ಧ ನಡೆದಾಗಲೂ ಆ ಮಕ್ಕಳ ಮೌನದಿಂದ ದೇಶ ಮುಳುಗಲಿಲ್ಲ.

ಧ್ವಜದ ಬಟ್ಟೆ ನೇದವರ ಜಿಲ್ಲೆ

ಈ ಜಿಲ್ಲೆಗೆ ದೇಶಭಕ್ತಿಯ ಪಾಠ ಹೊರಗಿನವರು ಹೇಳಬೇಕಾಗಿಲ್ಲ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ಹೊಲಿಯುವ ರಾಷ್ಟ್ರಧ್ವಜಕ್ಕೆ ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಕಡೆಯ ಮಗ್ಗಗಳಿಂದ. ದೇಶದ ಎಷ್ಟೋ ಸರಕಾರಿ ಕಟ್ಟಡಗಳ ಮೇಲೆ ಹಾರಿದ ಧ್ವಜದಲ್ಲಿ ಇಲ್ಲಿಯ ಹೆಣ್ಣುಮಕ್ಕಳ ಕೈಬೆವರಿದೆ. ಆ ನೂಲು ತೆಗೆಯುವಾಕೆ ಯಾವ ದೇವರಿಗೆ ಕೈ ಮುಗಿಯುತ್ತಾಳೆ ಎಂದು ಧ್ವಜ ಕೇಳಿದ್ದಿಲ್ಲ.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಟ್ಟೆಗೂ ಪರವಾನಗಿ ಕೊಟ್ಟಾಗ ಬೆಂಗೇರಿಯ ಸಂಘದವರು ಪ್ರತಿಭಟಿಸಿದರು. ಆಗ ಅವರ ಹಿಂದೆ ಹೋಗಿ ನಿಂತವರು ಎಷ್ಟು ಜನ? ಹಾಡಿಗೆ ನಿಲ್ಲದವನ ಮೇಲೆ ಏರಿ ಹೋಗುವವರಲ್ಲಿ ಧ್ವಜ ನೇಯುವವಳ ಕೂಲಿಗಾಗಿ ಎದ್ದು ನಿಂತವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಆಲಮಟ್ಟಿಯ ಹಿನ್ನೀರಿಗೆ ಮನೆ, ಓಣಿ, ಅಂಗಡಿ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಹಳೆ ಬಾಗಲಕೋಟೆಯವರೂ ಇದ್ದಾರೆ. ನಾಡಿಗೆ ನೀರಾಗಲಿ ಎಂದು ಅಜ್ಜನ ಕಾಲದ ಹೊಸ್ತಿಲು ಬಿಟ್ಟವನ ದೇಶಭಕ್ತಿಯನ್ನು ಯಾವ ಹಾಡಿನಿಂದ ಅಳೆಯುವುದು?

ಮಾಸ್ತರರು ಮಾಡಬೇಕಾದ್ದೇನು?

ಇದರ ಅರ್ಥ ರಾಷ್ಟ್ರಗೀತೆ ಹಗುರದ ಮಾತು ಎಂದಲ್ಲ. ಮಗನನ್ನು ಗಡಿಗೆ ಕಳಿಸಿದ ತಾಯಿಗೆ ಆ 52 ಸೆಕೆಂಡು ಏನೆಂಬುದು ಆಕೆಗೇ ಗೊತ್ತು. ಆಕೆಯ ಎದುರು ಕಾಲ ಮೇಲೆ ಕಾಲು ಹಾಕಿ ಕುಳಿತವನ ಮೇಲೆ ಸಿಟ್ಟು ಬಂದರೆ ಅದನ್ನು ತಪ್ಪೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ತಕರಾರು ಇರುವವರಿಗೂ ಒಂದು ಮಾತು ಹೇಳಲೇಬೇಕು. ಎದ್ದು ನಿಲ್ಲುವುದು ಪೂಜೆಯಲ್ಲ. ಹಿರಿಯರು ಬಂದರೆ ಏಳುತ್ತಾರೆ, ಹೆಣ ಹೋಗುವಾಗ ಏಳುತ್ತಾರೆ, ಜಡ್ಜ್‌ಸಾಹೇಬರು ಬಂದರೆ ಏಳುತ್ತಾರೆ. ಯಾರೂ ಧರ್ಮ ಕೆಟ್ಟಿತೆನ್ನುವುದಿಲ್ಲ. ಹಾಡದಿದ್ದರೆ ಬಿಡಿ, ಎದ್ದು ನಿಂತು ನೆರೆಯವನ ಭಾವನೆಗೆ ಬೆಲೆ ಕೊಡಿ. ಯೆಹೋವನ ಸಾಕ್ಷಿಗಳಂಥ ಕಟ್ಟಾ ಪಂಥದವರೇ ಅಷ್ಟು ಮಾಡುತ್ತಾರೆ.

ಇನ್ನು ಸಾಲಿಯ ಮಾತು. ನಾಳೆ ಹುನಗುಂದದಲ್ಲೋ ಬಾದಾಮಿಯಲ್ಲೋ ಇಂಥ ಒಂದು ಮಗು ಬಂದರೆ ಹೆಡ್‌ಮಾಸ್ತರರು ಗಾಬರಿಯಾಗಬೇಕಾಗಿಲ್ಲ. ಎದ್ದು ನಿಂತು ಸುಮ್ಮನಿದ್ದರೆ ಹಾಗೇ ಬಿಡಬೇಕು. 1986ರ ತೀರ್ಪು ಅವರ ಬೆನ್ನಿಗಿದೆ. ನಿಲ್ಲಲೂ ಒಲ್ಲೆನೆಂದರೆ ಐನೂರು ಮಕ್ಕಳ ಎದುರು ಹೆಸರು ಹಿಡಿದು ಕೂಗಿ ಕೇಳಬಾರದು. ತಂದೆತಾಯಿಯನ್ನು ಕೋಣೆಗೆ ಕರೆದು ಕುರ್ಚಿ ಕೊಟ್ಟು ಕೂಡಿಸಿ ಮಾತಾಡಬೇಕು. ಬೇಕಿದ್ದರೆ ಅವರದೇ ಪಂಥದ ಹಿರಿಯರೊಬ್ಬರನ್ನು ಕರೆಸಬೇಕು. ಗದ್ದಲ ಮಾಡಿ ಹಾಡು ಕೆಡಿಸುವವನಿದ್ದರೆ ಅವನ ವಿಚಾರ ಬೇರೆ, ಅದಕ್ಕೆ ಕಾಯಿದೆ ಇದೆ. ಆದರೆ ಟಿ.ಸಿ. ಕೈಗಿಡುವ ಮಾತು ಯಾರ ಬಾಯಲ್ಲಿಯೂ ಬರಬಾರದು. ಸಾಲಿ ಬಿಟ್ಟ ಮಗುವಿಗೆ ದೇಶದ ಬಗ್ಗೆ ಒಳ್ಳೆಯದನ್ನು ಹೇಳಿಕೊಡುವವರು ಆಮೇಲೆ ಯಾರು?

2023ರಲ್ಲಿ ರಾಜ್ಯ ಸರಕಾರ ಸಾಲೆಗಳಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಬೇಕೆಂದು ತೀರ್ಮಾನಿಸಿತು. ಅದರಲ್ಲಿ ನಂಬಿಕೆಯ, ಉಪಾಸನೆಯ ಸ್ವಾತಂತ್ರ್ಯದ ಮಾತಿದೆ. ಅದನ್ನು ಓದಿಸಿದ ಪಟಾಂಗಣದಲ್ಲಿಯೇ ನಂಬಿಕೆಗಾಗಿ ಒಂದು ಮಗುವನ್ನು ಹೊರಗೆ ನಿಲ್ಲಿಸಿದರೆ, ನೋಡುವ ಉಳಿದ ಮಕ್ಕಳು ಕಲಿಯುವುದು ಯಾವ ಪಾಠ? ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಜಿಲ್ಲೆಯ ಎಲ್ಲ ಸಾಲೆಗಳಿಗೆ 1986ರ ತೀರ್ಪಿನ ಸಾರವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಕಳಿಸಿಕೊಟ್ಟರೆ ಎಷ್ಟೋ ಮುಂದಿನ ತಂಟೆ ತಪ್ಪುತ್ತದೆ. ಒಂದು ಪುಟಕ್ಕೆ ಎಷ್ಟು ಖರ್ಚು?

ಬೇಡಿ ಪಡೆಯುವ ಹಾದಿಯನ್ನು ಈ ಸೀಮೆಗೆ ಇಳಕಲ್ಲು ತೋರಿಸಿಕೊಟ್ಟಿದೆ. ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆ ಮನೆಗೆ ಹೊರಟರು. ಹಣ ಬೇಡಲಿಲ್ಲ, ಕಾಳು ಬೇಡಲಿಲ್ಲ. ನಿಮ್ಮ ಚಟ ಇದರೊಳಗೆ ಹಾಕಿರಿ ಎಂದು ಬೇಡಿದರು. ಕೈಯಲ್ಲಿ ಕೋಲಿರಲಿಲ್ಲ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕುಡುಕನ ಕೈಯಿಂದ ಬಾಟಲಿಯನ್ನೇ ಬೇಡಿ ಪಡೆಯಲು ಬರುವುದಾದರೆ, ಒಂದು ಮಗುವಿನಿಂದ ಗೌರವವನ್ನು ಬೇಡಿ ಪಡೆಯಲು ಬರುವುದಿಲ್ಲವೇ?

ಆಗಸ್ಟ್ 1 ಆದ ಮೇಲೆ ಹದಿನಾಲ್ಕು ದಿನಕ್ಕೆ ಆಗಸ್ಟ್ 15. ಅಂದು ಜಿಲ್ಲೆಯ ಪ್ರತಿ ಸಾಲಿಯಲ್ಲಿಯೂ ಧ್ವಜ ಏರಲಿ, ಹಾಡು ಗಟ್ಟಿಯಾಗಿ ಕೇಳಲಿ. ಸಾಲಿನಲ್ಲಿ ಎಲ್ಲೋ ಒಂದು ಕೂಸು ಬಾಯಿ ಮುಚ್ಚಿ ನೆಟ್ಟಗೆ ನಿಂತಿದ್ದರೆ ನಿಂತಿರಲಿ. ಹಾಡು ಮುಗಿದ ಮೇಲೆ ಅದಕ್ಕೂ ಒಂದು ಪೇಢೆ ಸಿಗಲಿ. ಮರುದಿನ ಗಂಟೆ ಬಾರಿಸಿದಾಗ ಎಲ್ಲರೂ ಒಂದೇ ವರ್ಗದೊಳಗೆ ಹೋಗಿ ಕೂಡಲಿ.